ಯಂತ್ರಗಳಿಗೊಂದು ನಿಘಂಟು

ಕೋಣೆಯ ಉಷ್ಣತೆಯನ್ನು ಅಳೆಯುವ ಕಿರುಯಂತ್ರವೊಂದು ‘2550’ ಎಂದು ಸುದ್ದಿ ಕಳುಹಿಸಿತೆನ್ನೋಣ. ಅರ್ಥವೇನು? ಮನೆಯೇನು ಕುಲುಮೆಯೆ? 1979ರಲ್ಲಿ ಅಮೆರಿಕದ ಮಾಡಿಕಾನ್ ಕಂಪನಿಯು ಕಾರ್ಖಾನೆಗಳಿಗಾಗಿ ರೂಪಿಸಿದ ‘ಮಾಡ್‌ಬಸ್’ ಪದ್ಧತಿಯು ಅಂಕಿಯನ್ನು ತಲಪಿಸುವ ಬಗೆಯನ್ನು ಗೊತ್ತುಮಾಡಿತು. ಅಂಕಿಯ ಅರ್ಥವನ್ನು ತಯಾರಕರ ಕೈಪಿಡಿಗೆ ಬಿಟ್ಟಿತು. ಕೈಪಿಡಿ ಕಳೆದರೆ ಅರ್ಥವೂ ಕಳೆಯಿತು.

ಮನೆಬಳಕೆಯ ಯಂತ್ರಗಳ ಪಾಡು ಇನ್ನೂ ಕಷ್ಟ. ದೀಪ, ಬೀಗಗಳನ್ನು ಒಂದೆಡೆಯಿಂದ ಆಳುತ್ತಿದ್ದ ‘ರಿವಾಲ್ವ್’ ಎಂಬ ಪೆಟ್ಟಿಗೆಗೆ ಅಮೆರಿಕದಲ್ಲಿ ಸುಮಾರು 300 ಡಾಲರು ಬೆಲೆಯಿತ್ತು. ಅದು ಕಂಪನಿಯ ದೂರದ ಗಣಕಯಂತ್ರವನ್ನೇ ನಂಬಿತ್ತು. 2016ರಲ್ಲಿ ಆ ಸೇವೆ ನಿಂತಿತು; ಪೆಟ್ಟಿಗೆ ಮೂಕವಾಯಿತು. ಹಣ ಕೊಟ್ಟವರು ಮಾತ್ರ ಮೂಕರಾಗಲಿಲ್ಲ!

ಹಲವು ಕಂಪನಿಗಳು ಕೂಡಿ 2022ರಲ್ಲಿ ಪ್ರಕಟಿಸಿದ ‘ಮ್ಯಾಟರ್’ ನಿಯಮಾವಳಿಯು ಅರ್ಥವನ್ನೂ ನಿಗದಿಮಾಡಿದೆ. ಅದರಂತೆ ಉಷ್ಣತೆಯನ್ನು ಸೆಲ್ಸಿಯಸ್ ಡಿಗ್ರಿಯ ನೂರನೆಯ ಒಂದಂಶದ ಲೆಕ್ಕದಲ್ಲಿ ಹೇಳತಕ್ಕದ್ದು: 2550 ಎಂದರೆ 25.50 ಡಿಗ್ರಿ. ತಯಾರಕರು ಯಾರೇ ಆಗಲಿ, ದೀಪಕ್ಕೆ ‘ಹೊತ್ತು’, ‘ಆರು’ ಎಂಬ ಆಜ್ಞೆಗಳು ತಿಳಿದಿರಲೇಬೇಕು. ಈ ಆಜ್ಞೆ ಮನೆಯೊಳಗಿನ ಜಾಲದಲ್ಲಿಯೇ ಸಂಚರಿಸಬಲ್ಲುದು. ಹೊರಗಿನ ಸಂಪರ್ಕ ಕಡಿದರೂ ದೀಪ ಹೊತ್ತೀತು. ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ. ಆದರೆ ತಯಾರಕರು ತಮ್ಮ ವಿಶೇಷ ಸೌಕರ್ಯಗಳನ್ನು ಸ್ವಂತ ಗುಪ್ತಭಾಷೆಯಲ್ಲಿಯೇ ಇಟ್ಟುಕೊಳ್ಳಬಹುದು. ಅವಕ್ಕೆ ಹಿಂದಿನಂತೆಯೇ ಕಂಪನಿಯ ಗಣಕವೇ ಗತಿಯಾದೀತು.