ಪರಿಚಿತ ಶಬ್ದ, ಅಪರಿಚಿತ ಅರ್ಥ

ಅಧ್ಯಾಪಕನಾದವನು ತನಗೆ ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳುವುದು ಕಷ್ಟ. ತಿಳಿದಿದೆಯೆಂದು ಭ್ರಮಿಸಿದುದನ್ನು ತಿಳಿಯದೆಂದು ಒಪ್ಪಿಕೊಳ್ಳುವುದು ಅದಕ್ಕಿಂತಲೂ ಕಷ್ಟ. ಈ ಎರಡನೆಯ ಬಗೆಯ ಕಷ್ಟವು ಕೆಲವು ವರ್ಷಗಳ ಹಿಂದೆ ನನಗೆ ಒದಗಿ ಬಂತು. ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಖಂಡಕಾವ್ಯವನ್ನು ತರಗತಿಯಲ್ಲಿ ಪಾಠ ಹೇಳುತ್ತಿದ್ದೆ. ಯೇಸುವಿನ ಕಡೆಯ ದಿನವನ್ನು ಕುರಿತ ಕಾವ್ಯ ಅದು. ಛಂದಸ್ಸಾಯಿತು, ಶೈಲಿಯಾಯಿತು, ಇನ್ನು ವಸ್ತುವನ್ನು ಹುಡುಗರ ಮನಸ್ಸಿಗೆ ಹತ್ತಿರ ತರಬೇಕೆಂದು, “ನಮ್ಮಲ್ಲಿ ರಾಮ ಕೃಷ್ಣರಿದ್ದಂತೆ ಅವರಲ್ಲಿ ಯೇಸು, ಅವನೂ ಒಂದು ಅವತಾರವೇ” ಎಂದು ಹೇಳಿ, ಬಹಳ ದೊಡ್ಡ ಸಮನ್ವಯವನ್ನು ಸಾಧಿಸಿದವನಂತೆ ಪುಸ್ತಕವನ್ನು ಮುಚ್ಚಿದೆ.

ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಮೇಜಿನ ಬಳಿಗೆ ಬಂದಳು. “ಸರ್, ನಮ್ಮ ಮನೆಯಲ್ಲಿ ಯೇಸುವನ್ನು ಅವತಾರ ಅನ್ನುವುದಿಲ್ಲ. ಯಾಕೆ ಅನ್ನುವುದಿಲ್ಲ ಅಂತ ನನಗೂ ಗೊತ್ತಿಲ್ಲ. ನೀವು ಹೇಳಿದರೆ ಬರೆದುಕೊಳ್ಳುತ್ತೇನೆ” ಎಂದಳು. ಆ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ, ಕೇವಲ ಜಿಜ್ಞಾಸೆಯಿತ್ತು. ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆಂದು ಅವಳನ್ನು ಕಳುಹಿಸಿದೆ.

ಒಂಟಿಕೊಪ್ಪಲಿನಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆಗೆ ನಿವೃತ್ತ ಉಪಾಧ್ಯಾಯರೊಬ್ಬರು ಇದ್ದರು. ಹುಟ್ಟಿನಿಂದ ಕ್ರೈಸ್ತರು, ಕುಮಾರವ್ಯಾಸನ ಪದ್ಯಗಳನ್ನು ಬಾಯಿಪಾಠವಾಗಿ ಹೇಳಬಲ್ಲವರು. ಬೀದಿಯವರೆಲ್ಲರಿಗೂ ಅವರು ‘ಮೇಷ್ಟ್ರು’. ಸಂಜೆಯ ಹೊತ್ತು ಚೆಲುವಾಂಬ ಪಾರ್ಕಿನಲ್ಲಿ ನಾವಿಬ್ಬರೂ ಕೂಡಿ ನಡೆಯುವುದು ವಾಡಿಕೆ. ಅಂದು ನಾನು ನನ್ನ ಸಂಕಟವನ್ನು ಹೇಳಿಕೊಂಡಾಗ ಅವರು ನಕ್ಕರು. “ತಪ್ಪು ನಿಮ್ಮದಲ್ಲ ಸ್ವಾಮಿ, ಶಬ್ದದ್ದು. ನಮ್ಮ ಹಿರಿಯರು ಊರಿನ ಪಾತ್ರೆಗಳನ್ನೇ ತಂದು ಅದರಲ್ಲಿ ಬೇರೆ ಅಡಿಗೆ ಮಾಡಿದರು. ನೀವು ಪಾತ್ರೆಯ ಗುರುತು ಹಿಡಿದು ರುಚಿಯೂ ಗೊತ್ತು ಅಂದುಬಿಟ್ಟಿರಿ.”

ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಕ್ರೈಸ್ತಧರ್ಮದ ಮೂಲನಂಬಿಕೆಗಳು ಕನ್ನಡ ಓದುಗರಾದ ನಮಗೆ ದೂರವಾಗಿರುವುದು ಶಬ್ದಗಳು ಕಠಿನವಾಗಿರುವುದರಿಂದಲ್ಲ, ತೀರ ಪರಿಚಿತವಾಗಿರುವುದರಿಂದ.

ಈ ಪಾತ್ರೆಗಳನ್ನು ತಂದವರು ಒಬ್ಬಿಬ್ಬರಲ್ಲ. 1649ರಷ್ಟು ಹಿಂದೆಯೇ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ನಮ್ಮ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡವನ್ನು ಕಲಿತನು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ಶ್ರಮಿಸಿದುದರ ಫಲವಾಗಿ 1831ರ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಬಾಸೆಲ್ ಮಿಷನ್ನಿನ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿಯೇ ಹಾಡಿದರು, 1894ರ ಅವರ ನಿಘಂಟಿನ ಋಣವನ್ನಂತೂ ಕನ್ನಡ ವಿದ್ಯಾರ್ಥಿಗಳು ತೀರಿಸುವಂತಿಲ್ಲ. ಇವರೆಲ್ಲರ ಮುಂದೆಯೂ ಇದ್ದ ಪ್ರಶ್ನೆ ಒಂದೇ: ಹೊಸ ಶಬ್ದವನ್ನು ತಂದರೆ ಜನಕ್ಕೆ ಅರ್ಥವಾಗದು, ಹಳೆಯ ಶಬ್ದವನ್ನು ಬಳಸಿದರೆ ಬೇರೆ ಅರ್ಥವಾಗುವುದು. ಎರಡನ್ನೂ ಮಾಡಿದರು. ‘ಪಾದ್ರಿ’, ‘ಇಗರ್ಜಿ’ಗಳು ಪೋರ್ಚುಗೀಸರಿಂದ ಬಂದುವು. ‘ಶಿಲುಬೆ’ಯು ಸಿರಿಯಾಕ್ ಭಾಷೆಯಿಂದ ಹೊರಟು ತಮಿಳಿನ ದಾರಿಯಾಗಿ ನಮ್ಮನ್ನು ಸೇರಿತು. ಇಂಥ ಶಬ್ದಗಳು ಮೋಸ ಮಾಡುವುದಿಲ್ಲ, ಅತಿಥಿಗಳೆಂದು ಮುಖದಲ್ಲಿಯೇ ಬರೆದಿರುತ್ತದೆ. ಪಾಪ, ಪ್ರಾಯಶ್ಚಿತ್ತ, ಕೃಪೆ, ಪ್ರಸಾದ ಇವುಗಳ ವಿಷಯದಲ್ಲಿಯೇ ನಾವು ಎಚ್ಚರವಾಗಿರಬೇಕು.

ಮೊದಲು ನನ್ನ ‘ಅವತಾರ’ದ ಮಾತು. ಅವತಾರವೆಂದರೆ ಇಳಿದು ಬರುವುದು. ಆ ಮಟ್ಟಿಗೆ ಸಾಮ್ಯವುಂಟು. ದೇವರು ಮನುಷ್ಯನಾದನೆಂಬುದೇ ಕ್ರೈಸ್ತರ ನಂಬಿಕೆಯ ತಿರುಳು. ಆದರೆ ನಮ್ಮ ಅವತಾರಗಳು ಹಲವು. ಯುಗಯುಗದಲ್ಲಿಯೂ ಮತ್ತೆ ಮತ್ತೆ ನಡೆಯತಕ್ಕವು. ದುಷ್ಟನಿಗ್ರಹ ಮುಗಿದ ಮೇಲೆ ಅವತಾರವೂ ಸಮಾಪ್ತವಾಗುತ್ತದೆ. ಕ್ರೈಸ್ತರ ಎಣಿಕೆಯಲ್ಲಿ ಇದು ಒಮ್ಮೆಯೇ ನಡೆದದ್ದು, ಮತ್ತೆ ನಡೆಯಬೇಕಾಗಿಲ್ಲದ್ದು, ಹಿಂತೆಗೆದುಕೊಳ್ಳಲಾಗದ್ದು. ಆದುದರಿಂದಲೇ ಅವರು ತಮ್ಮ ನಂಬಿಕೆಯನ್ನು ಸಂಗ್ರಹಿಸಿ ಹೇಳುವ ಕೆಲವೇ ವಾಕ್ಯಗಳಲ್ಲಿ, ದೇವರ ಹೆಸರಿನ ಜೊತೆಗೆ, ಪಿಲಾತನೆಂಬ ರೋಮನ್ ಅಧಿಕಾರಿಯ ಹೆಸರನ್ನೂ ಸೇರಿಸಿಕೊಂಡಿದ್ದಾರೆ. ಒಬ್ಬ ಸಾಧಾರಣ ಅಧಿಕಾರಿಗೆ ಪ್ರಾರ್ಥನೆಯಲ್ಲಿ ಏನು ಸ್ಥಾನ? ಇದು ಪುರಾಣಕಾಲದಲ್ಲಿ ಅಲ್ಲ, ಇಂಥವನ ಆಳಿಕೆಯಲ್ಲಿ, ಇಂಥ ಊರಿನಲ್ಲಿ ನಡೆಯಿತೆಂಬ ಸಾಕ್ಷ್ಯವೇ ಆ ಹೆಸರು. ಇನ್ನೊಂದು ಭೇದವೂ ಉಂಟು. ದೇವರು ಮನುಷ್ಯನಂತೆ ತೋರಿದನು, ನಿಜವಾಗಿ ನೋಯಲಿಲ್ಲವೆಂಬ ವಾದವು ಮೊದಲ ಶತಮಾನಗಳಲ್ಲಿಯೇ ಹುಟ್ಟಿತ್ತು. ಕ್ರೈಸ್ತಸಭೆ ಅದನ್ನು ತಳ್ಳಿಹಾಕಿತು. ಹಸಿವು, ದಣಿವು, ಕಣ್ಣೀರು, ಮರಣಭಯ ಎಲ್ಲವೂ ನಿಜ. ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು 451ರಲ್ಲಿ ಕ್ಯಾಲ್ಸಿಡನ್ನಿನಲ್ಲಿ ಸೇರಿದ ಧರ್ಮಪರಿಷತ್ತು ನಿರ್ಣಯಿಸಿತು.

“ಹಾಗಾದರೆ ತಂದೆ, ಮಗ, ಪವಿತ್ರಾತ್ಮ ಎಂದು ಮೂವರನ್ನು ಹೇಳುತ್ತೀರಲ್ಲ, ಅದು ನಮ್ಮ ತ್ರಿಮೂರ್ತಿಗಳಂತೆ ತಾನೆ?” ಎಂದು ಇನ್ನೊಂದು ದಿನ ಕೇಳಿದೆ. ಒಂದು ಪೆಟ್ಟು ತಿಂದವನಾದ್ದರಿಂದ ಈ ಸಲ ಪ್ರಶ್ನೆಯಾಗಿ ಕೇಳಿದೆ, ಹೇಳಿಕೆಯಾಗಿ ಅಲ್ಲ. ಮೇಷ್ಟ್ರು, “ನೀವು ವ್ಯಾಕರಣದವರು. ತ್ರಿಯೇಕ ಅನ್ನುವ ಪದವನ್ನು ಬಿಡಿಸಿ ನೋಡಿ” ಎಂದರು.

ಬಿಡಿಸಿ ನೋಡಿದೆ. ತ್ರಿ ಎಂಬುದಕ್ಕೆ ಏಕ ಎಂಬುದು ಸೇರಿದರೆ ಸಂಸ್ಕೃತದ ನಿಯಮದಂತೆ ಯಣ್ ಸಂಧಿಯಾಗಿ ‘ತ್ರ್ಯೇಕ’ ಎಂದಾಗಬೇಕು. ಇಕಾರವು ಹೋಗಿ ಅದರ ಸ್ಥಾನದಲ್ಲಿ ಯಕಾರ ಬರಬೇಕು. ಕನ್ನಡ ಕ್ರೈಸ್ತರ ನಾಲಗೆ ಹಾಗೆ ಮಾಡಲಿಲ್ಲ. ನಮ್ಮ ಆಗಮಸಂಧಿಯಂತೆ ನಡುವೆ ಒಂದು ಯಕಾರವನ್ನು ತಂದು ‘ತ್ರಿಯೇಕ’ ಎಂದಿತು. ಇಲ್ಲಿ ಲೋಪವಿಲ್ಲ, ಆದೇಶವಿಲ್ಲ. ಮೂರೂ ಉಳಿಯಿತು, ಒಂದೂ ಉಳಿಯಿತು. ಇದು ಉದ್ದೇಶಪೂರ್ವಕವೆಂದು ನಾನು ಹೇಳುವುದಿಲ್ಲ. ಆದರೆ 325ರಲ್ಲಿ ನೈಸಿಯಾ ಪಟ್ಟಣದಲ್ಲಿ, ಮತ್ತೆ 381ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸೇರಿದ ಧರ್ಮಾಧ್ಯಕ್ಷರು ಹೇಳಲು ಹೆಣಗಿದ್ದು ಇದನ್ನೇ. ಮಗನು ತಂದೆಯಿಂದ ಸೃಷ್ಟನಾದವನು, ಅವನಿಗಿಂತ ಕೆಳಗಿನವನು ಎಂದು ಅರಿಯುಸನೆಂಬ ಪಂಡಿತನು ವಾದಿಸಿದನು. ಅಲ್ಲ, ಇಬ್ಬರದೂ ಒಂದೇ ಸತ್ತ್ವ ಎಂದು ಪರಿಷತ್ತು ಹೇಳಿತು. ನಮ್ಮ ತ್ರಿಮೂರ್ತಿಗಳಲ್ಲಿ ಸೃಷ್ಟಿ, ಸ್ಥಿತಿ, ಲಯಗಳೆಂಬ ಕಾರ್ಯವಿಭಾಗವುಂಟು. ತ್ರಿಯೇಕದಲ್ಲಿ ಮೂವರ ಕಾರ್ಯವನ್ನೂ ಹಾಗೆ ಬೇರ್ಪಡಿಸುವಂತಿಲ್ಲ. ಮೂವರು ದೇವರೆನ್ನುವಂತೆಯೂ ಇಲ್ಲ. ದೇವರ ಒಳಗೇ ಪ್ರೀತಿಸುವವನೂ ಪ್ರೀತಿಸಲ್ಪಡುವವನೂ ಇದ್ದಾರೆ, ಆದುದರಿಂದ ಪ್ರೀತಿಯೆಂಬುದು ದೇವರ ಗುಣವಷ್ಟೇ ಅಲ್ಲ, ಸ್ವಭಾವ ಎಂದು ಅವರಲ್ಲಿ ಹಲವು ಚಿಂತಕರು ಇದನ್ನು ವಿವರಿಸುತ್ತಾರೆ.

ಪಾಪವೆಂದ ಕೂಡಲೆ ನಮಗೆ ಕರ್ಮದ ಲೆಕ್ಕ ನೆನಪಾಗುತ್ತದೆ. ಮಾಡಿದವನು ಉಣ್ಣಬೇಕು, ಈ ಜನ್ಮದಲ್ಲಿ ತೀರದಿದ್ದರೆ ಮುಂದಿನದರಲ್ಲಿ. ಬೈಬಲಿನ ಗ್ರೀಕ್ ಮೂಲದಲ್ಲಿ ಪಾಪಕ್ಕೆ ಇರುವ ಶಬ್ದಕ್ಕೆ ಗುರಿ ತಪ್ಪುವುದೆಂದು ಅರ್ಥ. ಅದು ಒಂದೊಂದು ಕೆಟ್ಟ ಕೆಲಸದ ಹೆಸರಲ್ಲ. ದೇವರ ಕಡೆಗೆ ಮುಖ ಮಾಡಬೇಕಾದ ಮನುಷ್ಯನು ಬೆನ್ನು ತಿರುಗಿಸಿ ನಿಂತ ಸ್ಥಿತಿಯ ಹೆಸರು. ಪ್ರಾಯಶ್ಚಿತ್ತದ ವಿಷಯದಲ್ಲಿ ಭೇದವು ಇನ್ನೂ ಸ್ಪಷ್ಟ. ನಮ್ಮ ಧರ್ಮಶಾಸ್ತ್ರದಲ್ಲಿ ತಪ್ಪಿದವನೇ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಕ್ರೈಸ್ತರು ಶಿಲುಬೆಯನ್ನು ನೋಡಿ ಹೇಳುವುದು ಇದಕ್ಕೆ ವಿಪರೀತ: ತಪ್ಪಿದವನ ಕೈಯಲ್ಲಿ ಅದು ಆಗದು, ತಪ್ಪದವನು ಅದನ್ನು ಮಾಡಿದನು. ಇದು ನ್ಯಾಯವೇ ಎಂದು ನಾನು ಮೇಷ್ಟ್ರನ್ನು ಕೇಳಿದೆ. “ನ್ಯಾಯ ಅಲ್ಲ ಸ್ವಾಮಿ. ನ್ಯಾಯ ಆಗಿದ್ದರೆ ಅದಕ್ಕೆ ಕೃಪೆ ಅಂತ ಯಾಕೆ ಹೆಸರಿಡುತ್ತಿದ್ದರು?” ಎಂದರು.

ಆಗ ಅವರು ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದ ಕಥೆಯನ್ನು ಹೇಳಿದರು. ಕಿರಿಯ ಮಗನು ತಂದೆ ಬದುಕಿರುವಾಗಲೇ ಪಾಲು ಕೇಳಿ ತೆಗೆದುಕೊಂಡು ಹೋಗಿ ಹಾಳುಮಾಡಿದನು; ಹಂದಿ ಕಾಯುವ ಗತಿ ಬಂದಾಗ ಮನೆಯ ಆಳಾಗಿಯಾದರೂ ಇರೋಣವೆಂದು ಹಿಂದಿರುಗಿದನು. ಅವನು ಇನ್ನೂ ದೂರದಲ್ಲಿರುವಾಗಲೇ ತಂದೆಯು ಕಂಡು ಓಡಿಬಂದು ತಬ್ಬಿಕೊಂಡನು. ಕಥೆಯನ್ನು ನಾನೂ ಎಷ್ಟೋ ಸಲ ಓದಿದ್ದೆ. ಮೇಷ್ಟ್ರು ಹೇಳಿದ ಮೇಲೆ ಒಂದು ಸಂಗತಿ ಹೊಳೆಯಿತು. ಮಗನು ತಪ್ಪೊಪ್ಪಿಗೆಯ ಮಾತನ್ನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದಾನೆ. ಅದನ್ನು ಪೂರ್ತಿ ಹೇಳಲು ತಂದೆಯು ಬಿಡುವುದಿಲ್ಲ. ಕ್ರೈಸ್ತರು ಕೃಪೆಯೆನ್ನುವುದು ಆ ಓಟವನ್ನು. ಯೇಸು ದೇವರನ್ನು ಕರೆಯುತ್ತಿದ್ದ ಅರಾಮಿಕ್ ಶಬ್ದ ‘ಅಬ್ಬ’. ನಮ್ಮ ‘ಅಪ್ಪ’ನಿಗೆ ಅದು ಹತ್ತಿರವಾಗಿರುವುದು ಧ್ವನಿಯ ಆಕಸ್ಮಿಕ. ಆದರೂ ವಚನಗಳನ್ನು, ದಾಸರ ಪದಗಳನ್ನು ಕೇಳಿ ಬೆಳೆದ ನಾಡಿಗೆ ಆ ಕರೆ ತೀರ ಹೊಸದಲ್ಲ. ಪಾತ್ರೆಯಲ್ಲಿ ಬೇರೆ ಅಡಿಗೆಯಿದ್ದರೂ ಹಸಿವು ಒಂದೇ ಎನ್ನಬಹುದು.

‘ಪ್ರಸಾದ’ದ ವಿಷಯವೂ ಹೀಗೆಯೇ. ಕಥೋಲಿಕರು ಬಲಿಪೂಜೆಯಲ್ಲಿ ಸ್ವೀಕರಿಸುವುದನ್ನು ಕನ್ನಡದಲ್ಲಿ ‘ಪರಮಪ್ರಸಾದ’ ಎನ್ನುತ್ತಾರೆ. ಪ್ರಾಟೆಸ್ಟಂಟರು ‘ಕರ್ತನ ಭೋಜನ’ ಎನ್ನುತ್ತಾರೆ. ಹೆಸರಿನ ಈ ಭೇದದ ಹಿಂದೆ ತತ್ತ್ವದ ಭೇದವೂ ಉಂಟು. ರೊಟ್ಟಿ ಮತ್ತು ದ್ರಾಕ್ಷಾರಸಗಳು ನಿಜವಾಗಿಯೇ ಕ್ರಿಸ್ತನ ಶರೀರ ರಕ್ತಗಳಾಗುತ್ತವೆ ಎಂದು ಕಥೋಲಿಕರ ನಂಬಿಕೆ. ಪ್ರಾಟೆಸ್ಟಂಟರಲ್ಲಿ ಇದನ್ನು ಬೇರೆ ಬೇರೆ ಬಗೆಯಾಗಿ ತಿಳಿಯುವವರಿದ್ದಾರೆ. ನಮ್ಮಲ್ಲಿ ಪ್ರಸಾದವು ದೇವರಿಗೆ ನಾವು ಅರ್ಪಿಸಿ ಮರಳಿ ಪಡೆದದ್ದು. ಅಲ್ಲಿ, ದೇವರೇ ತನ್ನನ್ನು ಅರ್ಪಿಸಿಕೊಂಡು ಕೊಟ್ಟದ್ದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟ ನಮ್ಮ ಊರಿನ ಸಂತ ಫಿಲೋಮಿನಾ ದೇವಾಲಯದ ಜೋಡಿ ಗೋಪುರಗಳನ್ನು ಮೈಸೂರಿಗರು ಎಷ್ಟೋ ಸಲ ಕತ್ತೆತ್ತಿ ನೋಡಿದ್ದೇವೆ. ಆ ಗೋಪುರಗಳ ಕೆಳಗೆ ನಡೆಯುವ ಮುಖ್ಯಕಾರ್ಯ ಈ ಒಂದು ತುತ್ತಿನದೆಂದು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ನಮ್ಮ ಬಡಾವಣೆಯ ಹೆಸರು ನಾಡಿನ ಮನೆಮನೆಗೆ ತಲಪಿರುವುದು ಒಂಟಿಕೊಪ್ಪಲ್ ಪಂಚಾಂಗದ ಮೂಲಕ. ಒಂದು ಯುಗಾದಿಯ ಹಿಂದಿನ ಸಂಜೆ ನನ್ನ ಕೈಯಲ್ಲಿ ಹೊಸ ಪಂಚಾಂಗವನ್ನು ಕಂಡು ಮೇಷ್ಟ್ರು, “ನಮ್ಮ ಈಸ್ಟರೂ ಚಂದ್ರನನ್ನೇ ನಂಬಿಕೊಂಡಿದೆ, ಗೊತ್ತೆ?” ಎಂದರು. ಮಾರ್ಚಿ 21ರಂದು ಅಥವಾ ಅದರ ಅನಂತರ ಬರುವ ಹುಣ್ಣಿಮೆ, ಅದರ ಮುಂದಿನ ಭಾನುವಾರ. ಇದು ಪಾಶ್ಚಾತ್ಯ ಸಭೆಗಳ ಗಣನೆ. ಆದಕಾರಣ ಆ ಹಬ್ಬವು ಮಾರ್ಚಿ 22ರಿಂದ ಏಪ್ರಿಲ್ 25ರ ವರೆಗೆ ಯಾವ ದಿನವಾದರೂ ಬರಬಹುದು. ಅದು ಯೇಸುವು ಸತ್ತ ಮೂರನೆಯ ದಿನ ಎದ್ದುಬಂದ ನೆನಪಿನ ಹಬ್ಬ. “ಕ್ರಿಸ್ಮಸ್ಸಿಗೆ ನಕ್ಷತ್ರ ಕಟ್ಟುತ್ತೇವೆ, ಅದನ್ನು ಎಲ್ಲರೂ ನೋಡುತ್ತಾರೆ. ಆದರೆ ಈಸ್ಟರ್ ಇಲ್ಲದಿದ್ದರೆ ನಮ್ಮದು ಏನೂ ಇಲ್ಲ” ಎಂದರು. ಸಂತ ಪೌಲನೂ ತನ್ನ ಪತ್ರದಲ್ಲಿ ಇದೇ ಅರ್ಥದ ಮಾತನ್ನು ಬರೆದಿದ್ದಾನೆಂದು ಆಮೇಲೆ ಓದಿ ತಿಳಿದೆ.

ಅದೇ ವರ್ಷದ ಮಳೆಗಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಸುದ್ದಿ ತಿಳಿದು ಹೋದೆ. ಅವರ ಪತ್ನಿ ಕುರ್ಚಿಯಲ್ಲಿ ಕುಳಿತಿದ್ದರು. ಅಂಥ ಹೊತ್ತಿನಲ್ಲಿ ಭಾಷೆಯ ಅಧ್ಯಾಪಕನಿಗೂ ಮಾತು ಒದಗುವುದಿಲ್ಲ; ಬಾಯಿಗೆ ರೂಢಿಯ ಮಾತೇ ಬರುತ್ತದೆ. “ಅಮ್ಮಾ, ಅವರಂಥವರು ಇನ್ನೊಂದು ಒಳ್ಳೆಯ ಜನ್ಮವನ್ನೇ ಪಡೆಯುತ್ತಾರೆ” ಎಂದುಬಿಟ್ಟೆ. ಆಕೆ ಬೇಸರಿಸಲಿಲ್ಲ. ಕಣ್ಣೊರಸಿಕೊಂಡು, “ಇನ್ನೊಂದು ಜನ್ಮದಲ್ಲಿ ಅವರು ಇನ್ನಾರೋ ಆಗಿಬಿಡುತ್ತಾರಲ್ಲಪ್ಪ. ನನಗೆ ಅವರೇ ಬೇಕು. ಅವರನ್ನೇ ಮತ್ತೆ ನೋಡುತ್ತೇನೆ ಅಂತ ನಂಬಿಕೊಂಡಿದ್ದೇನೆ” ಎಂದರು.

ಪುನರ್ಜನ್ಮ, ಪುನರುತ್ಥಾನ. ಎರಡರಲ್ಲಿಯೂ ‘ಪುನರ್’ ಇದೆ. ಅಷ್ಟರಿಂದಲೇ ಎರಡೂ ಅಕ್ಕತಂಗಿಯರೆಂದು ನಾನು ನಂಬಿದ್ದೆ. ಒಂದರಲ್ಲಿ ಆತ್ಮವು ಹಳೆಯ ದೇಹವನ್ನು ಕಳಚಿ ಹೊಸದನ್ನು ತೊಡುತ್ತದೆ. ಕಡೆಗೆ ತೊಡುವ ಕಷ್ಟದಿಂದಲೇ ಬಿಡುಗಡೆ ಹೊಂದಬೇಕು, ಅದೇ ಮೋಕ್ಷ. ಇನ್ನೊಂದರಲ್ಲಿ ದೇಹವೂ ದೇವರಿಗೆ ಬೇಕಾದದ್ದು. ಪೌಲನು ಹೇಳುವಂತೆ ಬೀಜವನ್ನು ಮಣ್ಣಿನಲ್ಲಿಡುವ ಹಾಗೆ ಅದನ್ನು ಇಡುತ್ತಾರೆ. ಏಳುವುದು ಬೇರೆ ರೂಪವಾದರೂ ಏಳುವವನು ಅವನೇ, ಅದೇ ಹೆಸರಿನವನು. ಸತ್ಯ ಯಾವುದೆಂದು ತೀರ್ಪು ಕೊಡಲು ನಾನು ಶಕ್ತನಲ್ಲ; ನನ್ನ ನಂಬಿಕೆ ನನ್ನ ಮನೆತನದ್ದೇ ಆಗಿ ಉಳಿದಿದೆ. ಆದರೆ ಒಬ್ಬರ ದುಃಖದ ಬಾಗಿಲಲ್ಲಿ ನಿಂತು, ಅವರ ಆಸೆ ಯಾವುದೆಂದು ತಿಳಿಯದೆ, ನನ್ನ ಆಸೆಯನ್ನು ಅವರಿಗೆ ಸಮಾಧಾನವೆಂದು ಕೊಟ್ಟೆನಲ್ಲ ಎಂಬ ನಾಚಿಕೆ ಮಾತ್ರ ಇಂದಿಗೂ ಹೋಗಿಲ್ಲ.

ಎಲ್ಲ ಧರ್ಮಗಳೂ ಹೇಳುವುದು ಒಂದೇ ಎಂಬ ಮಾತು ಉದಾರವಾಗಿ ಕೇಳಿಸುತ್ತದೆ. ಅನೇಕ ವೇಳೆ ಅದು ಕೇಳಿಸಿಕೊಳ್ಳುವ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯ. ನೆರೆಯವನ ನಂಬಿಕೆಯಲ್ಲಿ ನಮ್ಮದಕ್ಕಿಂತ ಬೇರೆಯಾದದ್ದು ಯಾವುದೆಂದು ತಿಳಿದು, ಬೇರೆಯಾಗಿಯೇ ಇರಲೆಂದು ಗೌರವಿಸುವುದು ಅದಕ್ಕಿಂತ ಕಷ್ಟದ ಔದಾರ್ಯ.

ಆ ವಿದ್ಯಾರ್ಥಿನಿಗೆ ಕೊಟ್ಟ ‘ನಾಳೆ’ಯನ್ನು ಉಳಿಸಿಕೊಳ್ಳಲು ನನಗೆ ಹಲವು ತಿಂಗಳು ಹಿಡಿಯಿತು. ಅವಳ ಕಡೆಯ ವರ್ಷದಲ್ಲಿ ಒಂದು ದಿನ ಕರೆದು, ಮೇಷ್ಟ್ರಿಂದ ಕಲಿತದ್ದನ್ನು ಹೇಳಿದೆ. ಮಾತು ಕೊಟ್ಟಿದ್ದಂತೆ ಅವಳು ಬರೆದುಕೊಂಡಳು. ಬಳಿಕ ತಲೆಯೆತ್ತಿ, “ಇದನ್ನು ನಮ್ಮ ಅಜ್ಜಿಗೆ ಓದಿ ಹೇಳುತ್ತೇನೆ ಸರ್. ತಪ್ಪಿದ್ದರೆ ಅವರು ತಿದ್ದುತ್ತಾರೆ” ಎಂದಳು.