ಬಾಡಿಗೆದಾರರೇ ಸೇರಿ ಕಟ್ಟಡ ರಿಪೇರಿ ಮಾಡಿಸುವ ಬಗೆ

ದಾಬಸ್‌ಪೇಟೆಯ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುವ ಕುಟುಂಬಗಳಿರುವ ಹಳೆಯ ಕಟ್ಟಡ ಎಂದುಕೊಳ್ಳಿ. ಮಾಲೀಕರು ಬೇರೆ ಊರಿನಲ್ಲಿ. ಮೇಲ್ಮನೆಯ ಬಾತ್‌ರೂಮಿನ ನೀರು ಇಳಿದು ಕೆಳಮನೆಯ ಮೋಲ್ಡಿನ ಗಾರೆ ಉದುರುತ್ತಿದೆ. ಒಬ್ಬೊಬ್ಬರೇ ಫೋನ್ ಮಾಡಿದರೆ ‘ನೋಡೋಣ’ ಎನ್ನುತ್ತಾರೆ. ಎಲ್ಲ ಮನೆಯವರೂ ಸಹಿ ಹಾಕಿ ಬರೆದುಕೊಟ್ಟರೆ ಅದಕ್ಕೆ ನೋಟಿಸಿನ ತೂಕ ಬರುತ್ತದೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಮಾಲೀಕರ ಹೊಣೆಯಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಅವರು ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರು ತಾವೇ ಮಾಡಿಸಿ, ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಯಾವ ರಿಪೇರಿ ಯಾರ ಹೊಣೆ ಎಂಬ ಪಟ್ಟಿ ಆ ಕಾಯ್ದೆಯಲ್ಲಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ನೆಚ್ಚೋಣವೆಂದರೆ, ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದೇ ಇಲ್ಲ. ಹಾಗಾಗಿ 11 ತಿಂಗಳ ಕರಾರು ಹೊಸದು ಮಾಡುವಾಗಲೇ ‘ಮೋಲ್ಡು, ಪೈಪು, ಸಂಪು, ವೈರಿಂಗ್ ರಿಪೇರಿ ಮಾಲೀಕರದು’ ಎಂದು ಎಲ್ಲರೂ ಬರೆಸಿಕೊಳ್ಳಿ. ಇಡೀ ಕೆಲಸದಲ್ಲಿ ಇದೇ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ನೋಟಿಸಿನ ಜೊತೆ ಫೋಟೊ, ಇಬ್ಬರು ಮೂವರು ಮೇಸ್ತ್ರಿಗಳ ಕೊಟೇಶನ್ ಇಟ್ಟು ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ.

ಮೋಲ್ಡಿನಲ್ಲಿ ಕಂಬಿ ಕಾಣುತ್ತಿದ್ದರೆ ಸಿಮೆಂಟು ಮೆತ್ತಿಸಿ ಸುಮ್ಮನಾಗಬೇಡಿ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಸೀಳಿರುತ್ತದೆ. ಮೆತ್ತಿದ್ದು ಮತ್ತೆ ಉದುರುತ್ತದೆ. ಮೊದಲು ಮೇಲಿನ ಸೋರಿಕೆ ನಿಲ್ಲಬೇಕು. ಆಮೇಲೆ ಸಡಿಲ ಕಾಂಕ್ರೀಟನ್ನು ಕಂಬಿಯ ಹಿಂಬದಿಯವರೆಗೂ ಒಡೆದು, ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ತುಕ್ಕು ತಡೆಯುವ ಲೇಪ ಬಳಿದು, ಪಾಲಿಮರ್ ಬೆರೆಸಿದ ಗಾರೆ ತುಂಬಿಸಬೇಕು. ಕಂಬಿ ಸವೆದು ತೆಳ್ಳಗಾಗಿದ್ದರೆ ಮೇಸ್ತ್ರಿಯ ಮಾತು ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು. ತಲೆಯ ಮೇಲಿನ ಮೋಲ್ಡಿನಲ್ಲಿ ಉಳಿತಾಯದ ಮಾತು ಬೇಡ.

ದಿನದಿನದ ನಿರ್ವಹಣೆಗೆ ಮನೆಗಿಷ್ಟು ಎಂದು ತಿಂಗಳ ಹಣ ಎತ್ತಿ, ಬೇರೆ ಬೇರೆ ಮಹಡಿಯ ಇಬ್ಬರ ಕೈಯಲ್ಲಿ ಲೆಕ್ಕ ಇರಲಿ. ಮೋಟಾರು ಹಾಕುವ ಸರದಿಯನ್ನು ಶಿಫ್ಟು ನೋಡಿಕೊಂಡು ಹಂಚಿ. ಬಾಡಿಗೆದಾರರ ಸಂಘ ಕಟ್ಟಿ ಅದರ ಹೆಸರಲ್ಲಿ ಬ್ಯಾಂಕ್ ಖಾತೆ ಬೇಕೆಂದರೆ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ನೋಂದಾಯಿಸಬಹುದು.

ಮುಂಬೈಯ ಹಳೆಯ ಕಟ್ಟಡಗಳಲ್ಲಿ ಶೇ 70ರಷ್ಟು ನಿವಾಸಿಗಳು ಸಹಕಾರ ಸಂಘ ಕಟ್ಟಿಕೊಂಡರೆ, ಸರ್ಕಾರ 100 ತಿಂಗಳ ಬಾಡಿಗೆಯಷ್ಟು ಪರಿಹಾರಕ್ಕೆ ಕಟ್ಟಡವನ್ನು ವಶಕ್ಕೆ ಪಡೆದು ಅವರಿಗೇ ಕೊಡಲು 1986ರಲ್ಲಿ ಕಾನೂನು ಬಂತು. ಕರ್ನಾಟಕದಲ್ಲಿ ಅಂಥದ್ದಿಲ್ಲ, ಕಟ್ಟಡ ಮಾಲೀಕರದಾಗಿಯೇ ಉಳಿಯುತ್ತದೆ. ಆದ್ದರಿಂದ ಲಿಖಿತ ಒಪ್ಪಿಗೆಯಿಲ್ಲದೆ ಹೊಸ ಗೋಡೆ, ಹೊಸ ರೂಮು ಕಟ್ಟಿಸಲು ಹೋಗಬೇಡಿ. ದೊಡ್ಡ ಖರ್ಚಾದಾಗ ಯಾರ ಬಾಡಿಗೆಯಲ್ಲಿ ಎಷ್ಟು ತಿಂಗಳು ಎಷ್ಟು ಮುರಿಯಬೇಕೆಂದು ಬರೆದಿಡಿ. ನಡುವೆ ಮನೆ ಖಾಲಿ ಮಾಡುವವರು ತಮ್ಮ ಬಾಕಿ ಪಾಲನ್ನು ಅಡ್ವಾನ್ಸ್ ಜೊತೆಗೇ ಕೇಳಿ ಪಡೆಯಲು ಆ ಹಾಳೆಯೇ ಆಧಾರ.