ಚೊಚ್ಚಲ ಗಬ್ಬದ ಕುದುರೆ ಯಾವಾಗ ಮರಿ ಹಾಕುತ್ತದೆ?

ಪ್ರಶ್ನೆ: ಅಂತಿಯೂರು ಗುರುನಾಥಸ್ವಾಮಿ ಜಾತ್ರೆಯಲ್ಲಿ ಕೊಂಡ ಹೆಣ್ಣು ಕುದುರೆ ಈಗ ತುಂಬು ಗಬ್ಬ, ಚೊಚ್ಚಲು. ದಿನ ಹತ್ತಿರ ಬಂದದ್ದು ಹೇಗೆ ತಿಳಿಯುತ್ತದೆ?
– ಓದುಗರೊಬ್ಬರು, ತಾಳವಾಡಿ

ಉತ್ತರ: ಹಸುವಿನ ಲೆಕ್ಕ ಇಲ್ಲಿ ನಡೆಯದು. ಹಸುವಿಗೆ ಸುಮಾರು 280 ದಿನವಾದರೆ ಕುದುರೆಗೆ 320ರಿಂದ 360. ಮರಿ ಹಾಕಿ ರೂಢಿಯಿರುವ ಕುದುರೆಗೆ ಎರಡು–ನಾಲ್ಕು ವಾರ ಮುಂಚೆಯೇ ಕೆಚ್ಚಲು ಇಳಿಯುತ್ತದೆ. ಚೊಚ್ಚಲಿಗೆ ಕೊನೆಯ ದಿನದವರೆಗೂ ಇಳಿಯದಿರಬಹುದು. ಹಾಗಾಗಿ ಕೆಚ್ಚಲೊಂದನ್ನೇ ನಂಬಿ ಕೂರಬೇಡಿ. ದಿನವೂ ಸಂಜೆ ಬಾಲದ ಬುಡ ಒತ್ತಿ ನೋಡಿ, ಸ್ನಾಯು ಮೆತ್ತಗಾಗುತ್ತಾ ಬರುತ್ತದೆ. ಯೋನಿ ಸಡಿಲಗೊಂಡು ಉದ್ದವಾಗುತ್ತದೆ. ಮೊಲೆತೊಟ್ಟಿನ ತುದಿಯಲ್ಲಿ ಜೇನುಬಣ್ಣದ ಮೇಣದಂಥ ಹನಿ ಕಟ್ಟಿದರೆ ಸಾಮಾನ್ಯವಾಗಿ ಒಂದೆರಡು ದಿನದ ಮಾತು. ಆದರೆ ಕೆಲವಕ್ಕೆ ಅದು ಕಾಣುವುದೇ ಇಲ್ಲ.

ಹೆಚ್ಚಿನ ಕುದುರೆಗಳು ಮರಿ ಹಾಕುವುದು ರಾತ್ರಿ. ನಿಮ್ಮೂರಿಗೆ ಬರುವ ದಾರಿಯ ದಿಂಬಂ ಘಾಟಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಆದ್ದರಿಂದ ಹತ್ತಿರದ ಪಶುವೈದ್ಯರೊಂದಿಗೆ ಈಗಲೇ ಮಾತಾಡಿಟ್ಟುಕೊಳ್ಳಿ. ಚಿರತೆ ಓಡಾಡುವ ಸೀಮೆ, ಕೊಟ್ಟಿಗೆ ಭದ್ರವಿರಲಿ. ನೀರು ಒಡೆದ ಅರ್ಧ ಗಂಟೆಯೊಳಗೆ ಮರಿ ಹೊರಬರಬೇಕು. ತಡವಾದರೆ ಕಾಯದೆ ವೈದ್ಯರನ್ನು ಕರೆಯಿರಿ. ಮೊದಲು ಕಾಣುವ ಚೀಲ ಬೆಳ್ಳಗಿರಬೇಕು. ಮಖಮಲ್ಲಿನಂತೆ ಕೆಂಪಗೆ ಕಂಡರೆ ಮಾಸು ಮುಂಚೆಯೇ ಬಿಟ್ಟಿದೆ, ಮರಿಗೆ ಉಸಿರು ಸಿಗುತ್ತಿಲ್ಲ. ಆ ಕ್ಷಣವೇ ಚೀಲ ಹರಿದು ಮರಿಯನ್ನು ಹೊರಗೆಳೆಯಿರಿ.